ಏರಲು ಗಾಡಿ, ಇಳಿಯಲು ಕಾಲು: ಕುಸ್ಕೊ ಸುತ್ತುವ ಕ್ರಮ

ಪೆರುವಿನ ರಾಜಧಾನಿ ಲಿಮಾ ಕಡಲ ದಂಡೆಯ ಊರು. ಅಲ್ಲಿ ವಿಮಾನ ಹತ್ತಿದರೆ ಸುಮಾರು ಒಂದೂಕಾಲು ಗಂಟೆಯಲ್ಲಿ ಸ್ಪೇನಿನವರು ಬರುವ ಮೊದಲು ಅಲ್ಲಿ ಆಳುತ್ತಿದ್ದ ಇಂಕಾಗಳ ಹಳೆಯ ರಾಜಧಾನಿ ಕುಸ್ಕೊದಲ್ಲಿ ಇಳಿಯಬಹುದು. ಕುಸ್ಕೊ ಇರುವುದು 3,400 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಜಾಗವಾದ ಮುಳ್ಳಯ್ಯನಗಿರಿಯೇ 1,930 ಮೀಟರ್. ಹಾಗಾಗಿ ನಮ್ಮ ಬೆಟ್ಟಗಳನ್ನು ಹತ್ತಿದ ರೂಢಿ ಇಲ್ಲಿ ನೆರವಿಗೆ ಬರುವುದಿಲ್ಲ. ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಮೂರನೇ ಎರಡು ಭಾಗ ಮಾತ್ರ.

ಪ್ರವಾಸ ಕೆಡುವುದು ಹೆಚ್ಚಾಗಿ ಮೊದಲ ದಿನವೇ. ಇಳಿದ ಕೂಡಲೇ ಮೈಗೆ ಏನೂ ಆಗಿರುವುದಿಲ್ಲ, ಬಿಸಿಲು ಚೆನ್ನಾಗಿರುತ್ತದೆ, ಉತ್ಸಾಹ ತುಂಬಿರುತ್ತದೆ. ಮಧ್ಯಾಹ್ನವೇ ಊರ ಮೇಲಿನ ಕೋಟೆ ಹತ್ತಿ ಬರುತ್ತಾರೆ. ಎತ್ತರದ ಕಾಯಿಲೆ, ಅಲ್ಲಿಯವರ ಮಾತಿನಲ್ಲಿ ‘ಸೊರೊಚೆ’, ತಲೆ ಎತ್ತುವುದು ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ. ರಾತ್ರಿ ತಲೆ ಸಿಡಿಯತೊಡಗುತ್ತದೆ, ವಾಕರಿಕೆ ಬರುತ್ತದೆ, ನಿದ್ದೆ ಹತ್ತುವುದಿಲ್ಲ. ಮುಂದಿನ ಎರಡು ದಿನ ಹೋಟೆಲ್ ಕೋಣೆಯಲ್ಲೇ.

ಪ್ರವಾಸದ ಪಟ್ಟಿಯನ್ನು ಜಾಗಗಳ ಹೆಸರಿನ ಮೇಲೆ ಹಾಕಬೇಡಿ, ಎತ್ತರದ ಮೇಲೆ ಹಾಕಿ. ಮೊದಲು ಉರುಬಾಂಬಾ ನದಿಯ ಕಣಿವೆ, ನಂತರ ಬೆಟ್ಟದ ಮೇಲಿನ ಹಳೆಯ ಇಂಕಾ ಊರು ಮಾಚು ಪಿಚು, ಆಮೇಲೆ ಕುಸ್ಕೊ ನಗರ, ಕೊನೆಗೆ ಐದು ಸಾವಿರ ಮೀಟರಿನ ಬೆಟ್ಟಗಳು. ಇದಕ್ಕೆ ಏಳೆಂಟು ದಿನ ಬೇಕು. ಐದೇ ದಿನ ಇದ್ದರೆ ಕೊನೆಯದನ್ನು ಕೈಬಿಡಿ. ಮೊದಲಿನದನ್ನು ಅವಸರ ಮಾಡಬೇಡಿ.

ಹೊರಡುವ ಮೊದಲು

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಕಡಿಮೆ. ಹಗಲು ಹಿತವಾದ ಬಿಸಿಲು. ಜೂನ್, ಜುಲೈ ರಾತ್ರಿಗಳಲ್ಲಿ ಚಳಿ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಜೋರು ಮಳೆ. ಜೂನ್ 24ಕ್ಕೆ ಸೂರ್ಯನ ಹಬ್ಬ ‘ಇಂತಿ ರೈಮಿ’ ಇರುವುದರಿಂದ ಆ ವಾರ ಕೋಣೆ ಸಿಗುವುದು ಕಷ್ಟ. ನಮ್ಮ ಆಯ್ಕೆ ಮೇ ತಿಂಗಳು: ಮಳೆ ನಿಂತಿರುತ್ತದೆ, ಬೆಟ್ಟಗಳಲ್ಲಿ ಹಸಿರು ಇನ್ನೂ ಉಳಿದಿರುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಪೆರುವಿನ ವೀಸಾ ಬೇಕು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಷೆಂಗೆನ್ ವೀಸಾ ಇದ್ದು ಅದರ ಅವಧಿ ಕನಿಷ್ಠ ಆರು ತಿಂಗಳು ಉಳಿದಿದ್ದರೆ, ಇಲ್ಲವೇ ಆ ದೇಶಗಳಲ್ಲಿ ಕಾಯಂ ವಾಸದ ಪರವಾನಗಿ ಇದ್ದರೆ ಪ್ರವಾಸಿಗರಿಗೆ ವಿನಾಯಿತಿ ಇದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಅನುಕೂಲ. ನಿಯಮ ಬದಲಾಗಬಹುದು, ಟಿಕೆಟ್ ಮಾಡಿಸುವ ಮುನ್ನ ರಾಯಭಾರ ಕಚೇರಿಯ ಪ್ರಕಟಣೆ ನೋಡಿಕೊಳ್ಳಿ.

ಎತ್ತರದ ಕಾಯಿಲೆ ತಡೆಯಲು ಅಸಿಟಜೋಲಮೈಡ್ ಎಂಬ ಮಾತ್ರೆ ಇದೆ. ದೊಡ್ಡವರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ ಶುರು. ಇದನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ಹೇಳಬೇಕು. ಈ ಮಾತ್ರೆಗೆ ಬೆರಳ ತುದಿ ಜುಮುಗುಟ್ಟುತ್ತದೆ, ಮೂತ್ರ ಹೆಚ್ಚುತ್ತದೆ, ಗಾಬರಿ ಬೇಡ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದ್ದವರು, ಗರ್ಭಿಣಿಯರು ಈ ಪ್ರವಾಸ ಮಾಡಬಹುದೇ ಎಂಬುದನ್ನೇ ಮೊದಲು ಕೇಳಿಕೊಳ್ಳಲಿ.

ಇಳಿದ ದಿನ: ನೇರವಾಗಿ ಕಣಿವೆಗೆ

ವಿಮಾನ ನಿಲ್ದಾಣದಿಂದ ಕುಸ್ಕೊ ಊರೊಳಗೆ ಹೋಗದೆ ಉರುಬಾಂಬಾ ನದಿಯ ಕಣಿವೆಗೆ ಟ್ಯಾಕ್ಸಿ ಹಿಡಿಯಿರಿ. ಉರುಬಾಂಬಾ ಪಟ್ಟಣ 2,870 ಮೀಟರ್, ಅಲ್ಲಿಂದ ಮುಂದೆ ಸಿಗುವ ಒಯಾಂಟಾಯ್‌ಟಾಂಬೊ ಸುಮಾರು 2,800. ಕುಸ್ಕೊಗಿಂತ ಐನೂರು, ಆರುನೂರು ಮೀಟರ್ ಕೆಳಗೆ ಮಲಗುವುದರಿಂದ ಮೊದಲ ರಾತ್ರಿಯ ನಿದ್ದೆ ಸುಧಾರಿಸುತ್ತದೆ. ದಾರಿಯಲ್ಲಿ 3,760 ಮೀಟರಿನ ಚಿಂಚೇರೊ ದಾಟಬೇಕಾಗುತ್ತದೆ. ಗಾಡಿಯಲ್ಲಿ ಕುಳಿತು ದಾಟಿದರೆ ತೊಂದರೆಯಿಲ್ಲ. ದೇಹ ಲೆಕ್ಕ ಇಡುವುದು ಮಲಗುವ ಎತ್ತರವನ್ನು.

ಖರ್ಚು ಉಳಿಸಬೇಕಿದ್ದರೆ ‘ಕೊಲೆಕ್ತಿವೊ’ ಇದೆ. ನಮ್ಮ ಮ್ಯಾಕ್ಸಿಕ್ಯಾಬ್ ಹಾಗೆ, ಸೀಟು ತುಂಬಿದ ಮೇಲೆ ಹೊರಡುವ ವ್ಯಾನು. ಒಯಾಂಟಾಯ್‌ಟಾಂಬೊ ಕಡೆಯವು ಕುಸ್ಕೊದ ಪವಿತೋಸ್ ಬೀದಿಯಿಂದ, ಕಣಿವೆಯ ಇನ್ನೊಂದು ಊರಾದ ಪಿಸಾಕ್ ಕಡೆಯವು ಪುಪುತಿ ಬೀದಿಯಿಂದ ಹೊರಡುತ್ತವೆ. ದೊಡ್ಡ ಸೂಟ್‌ಕೇಸ್ ಇದ್ದರೆ ಮೊದಲ ದಿನ ಟ್ಯಾಕ್ಸಿಯೇ ಸರಿ.

ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ. ಮದ್ಯ ಬೇಡ, ರಾತ್ರಿ ಊಟ ಹಗುರವಾಗಿರಲಿ, ನೀರು ಆಗಾಗ ಕುಡಿಯಿರಿ. ಹೋಟೆಲಿನವರು ಕೋಕಾ ಎಲೆಯ ಕಷಾಯ ಕೊಡುತ್ತಾರೆ. ಕುಡಿಯಲು ಹಿತ, ಅಲ್ಲಿ ಕಾನೂನಿನ ಅಡ್ಡಿಯೂ ಇಲ್ಲ. ಆದರೆ ಮಾತ್ರೆಗೆ ಅದು ಬದಲಿಯಲ್ಲ. ಕುಡಿದ ಮೇಲೆ ಕೆಲವು ದಿನ ಮೂತ್ರಪರೀಕ್ಷೆಯಲ್ಲಿ ಕೊಕೇನ್ ಅಂಶ ಕಾಣಿಸಿಕೊಳ್ಳಬಹುದು. ಕೆಲಸದ ಜಾಗದಲ್ಲಿ ಅಂಥ ಪರೀಕ್ಷೆ ಇರುವವರು ‘ಮುನ್ಯಾ’ ಎಂಬ, ಪುದೀನದ ವಾಸನೆಯ ಸೊಪ್ಪಿನ ಕಷಾಯ ಕೇಳಿ ಪಡೆಯಲಿ.

ತಲೆನೋವು ಬಂದರೆ ವಿಶ್ರಾಂತಿ, ಪ್ಯಾರಸಿಟಮಾಲ್ ಸಾಕು. ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು, ಕೆಳಗಿನ ಊರಿಗೆ ಇಳಿಯಬೇಕು.

ಟಿಕೆಟಿನ ಲೆಕ್ಕ

ಕುಸ್ಕೊ ಸುತ್ತಲಿನ ಹದಿನಾರು ಜಾಗಗಳಿಗೆ ‘ಬೊಲೆತೊ ತುರಿಸ್ತಿಕೊ’ ಎಂಬ ಒಂದೇ ಟಿಕೆಟ್ ಇದೆ. ವಿದೇಶಿ ವಯಸ್ಕರಿಗೆ 130 ಸೋಲ್ (ಪೆರುವಿನ ಹಣ), ಹತ್ತು ದಿನ ನಡೆಯುತ್ತದೆ, ಒಂದು ಜಾಗಕ್ಕೆ ಒಂದೇ ಸಲ ಪ್ರವೇಶ. 70 ಸೋಲಿನ ತುಂಡು ಟಿಕೆಟ್‌ಗಳೂ ಇವೆ: ಊರ ಮೇಲಿನ ನಾಲ್ಕು ಅವಶೇಷಗಳಿಗೆ ಒಂದು, ಊರಿನ ಮ್ಯೂಸಿಯಂಗಳು ಮತ್ತು ದಕ್ಷಿಣ ಕಣಿವೆಗೆ ಒಂದು, ಪಿಸಾಕ್, ಒಯಾಂಟಾಯ್‌ಟಾಂಬೊ, ಚಿಂಚೇರೊ, ಮೊರಾಯ್‌ಗೆ ಇನ್ನೊಂದು. ಎರಡು ತುಂಡು ಕೊಂಡರೆ 140 ಆಗುತ್ತದೆ. ಎರಡು ಗುಂಪು ನೋಡುವವರು ಪೂರ್ತಿ ಟಿಕೆಟನ್ನೇ ಕೊಳ್ಳಬೇಕು. ನೋಟು ಕೈಯಲ್ಲಿರಲಿ, ಕಾರ್ಡ್ ನಂಬಿಕೊಂಡು ಹೋಗಬೇಡಿ. ಮಾಚು ಪಿಚು, ಊರಿನ ಕ್ಯಾಥೆಡ್ರಲ್, ಕೊರಿಕಾಂಚಾ ದೇಗುಲ, ಮಾರಸ್ ಉಪ್ಪಿನ ಗದ್ದೆ ಇದರಲ್ಲಿ ಸೇರಿಲ್ಲ. ಕೊರಿಕಾಂಚಾದ ಮ್ಯೂಸಿಯಂ ಮಾತ್ರ ಸೇರಿದೆ. ಆ ಟಿಕೆಟ್ ಹಿಡಿದು ದೇಗುಲದ ಬಾಗಿಲಿಗೆ ಹೋಗಿ ವಾಪಸಾಗುವವರು ಬಹಳ.

ಕಣಿವೆಯಲ್ಲಿ ಎರಡು ದಿನ

ಒಯಾಂಟಾಯ್‌ಟಾಂಬೊದಲ್ಲೇ ಉಳಿದುಕೊಂಡರೆ ಗುಂಪು ಪ್ರವಾಸಗಳ ಬಸ್ಸು ಬರುವ ಮುನ್ನ, ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೇ ಗುಡ್ಡದ ಮೇಲಿನ ಇಂಕಾ ಅವಶೇಷಗಳಿಗೆ ಹೋಗಬಹುದು. ಮೆಟ್ಟಿಲುಗಳು ಕಡಿದು. ಮೂವತ್ತು, ನಲವತ್ತು ಮೆಟ್ಟಿಲಿಗೊಮ್ಮೆ ನಿಲ್ಲಿ. ಮೇಲೆ ಒಟ್ಟಿಗೆ ನಿಲ್ಲಿಸಿದ ಆರು ಗುಲಾಬಿ ಕಲ್ಲಿನ ಬೃಹತ್ ಚಪ್ಪಡಿಗಳಿವೆ. ಅವನ್ನು ತಂದದ್ದು ನದಿಯ ಆಚೆ ದಂಡೆಯ ಬೆಟ್ಟದಲ್ಲಿರುವ ಕಾಚಿಕಾಟಾ ಕಲ್ಲುಗಣಿಯಿಂದ. ಅಲ್ಲಿಂದ ಕಣಿವೆಗೆ ಇಳಿಸಿ, ಹೊಳೆ ದಾಟಿಸಿ, ಮತ್ತೆ ಈ ಗುಡ್ಡಕ್ಕೆ ಏರಿಸಿದ್ದಾರೆ. ಮೇಲೆ ನಿಂತು ಗಣಿಯ ದಿಕ್ಕಿಗೆ ತಿರುಗಿ ನೋಡದೆ ಇಳಿಯಬೇಡಿ, ಆ ಕೆಲಸದ ಗಾತ್ರ ಅರ್ಥವಾಗುವುದು ಆಗಲೇ. 1537ರಲ್ಲಿ ಇಂಕಾಗಳ ದೊರೆ ಮಾಂಕೊ ಇಂಕಾ ಸ್ಪೇನಿನ ಸೈನ್ಯವನ್ನು ಹಿಮ್ಮೆಟ್ಟಿಸಿದ್ದು ಇಲ್ಲೇ. ಕೆಳಗಿನ ಊರಿನ ಬೀದಿ, ನೀರಿನ ಕಾಲುವೆಗಳು ಇಂಕಾಗಳು ಹಾಕಿದ ಹಾಗೇ ಉಳಿದಿವೆ. ಒಂದು ಸಂಜೆ ಅದಕ್ಕೆ ಇಡಿ.

ಪಿಸಾಕ್‌ನಲ್ಲಿ ಜನ ಮಾಡುವ ತಪ್ಪೆಂದರೆ ಸಂತೆ ಬೀದಿಯಿಂದ ಬೆಟ್ಟ ಹತ್ತುವುದು. ಕೆಳಗಿನಿಂದ ಟ್ಯಾಕ್ಸಿ ಹಿಡಿದು ಮೇಲಿನ ಬಾಗಿಲಿಗೆ ಹೋಗಿ, ಅಲ್ಲಿಂದ ಮೆಟ್ಟಿಲುಗದ್ದೆ, ಸೂರ್ಯದೇಗುಲಗಳನ್ನು ನೋಡುತ್ತಾ ಊರಿಗೆ ನಡೆದು ಇಳಿಯಿರಿ. ಎರಡರಿಂದ ಮೂರು ಗಂಟೆ ಸಾಕು. ಎದುರಿನ ಬಂಡೆಯಲ್ಲಿ ಕಾಣುವ ತೂತುಗಳು ಇಂಕಾ ಕಾಲದ ಸಮಾಧಿಗಳು. ಇಳಿಜಾರಿನಲ್ಲಿ ಮಂಡಿಗೆ ಪೆಟ್ಟು ಬೀಳುತ್ತದೆ, ಹಿಡಿತವಿರುವ ಷೂ ಬೇಕು.

ಮಾರಸ್, ಮೊರಾಯ್‌ಗಳನ್ನು ಒಂದೇ ಟ್ಯಾಕ್ಸಿಯಲ್ಲಿ ಅರ್ಧ ದಿನದಲ್ಲಿ ಮುಗಿಸಬಹುದು. ಮೊರಾಯ್‌ನಲ್ಲಿ ಬಾವಿಯಂತೆ ಸುತ್ತುಸುತ್ತಾಗಿ ಕೆಳಗಿಳಿಯುವ ಮೆಟ್ಟಿಲುಗದ್ದೆಗಳಿವೆ, ಮೇಲಿನ ಸುತ್ತಿಗೂ ತಳಕ್ಕೂ ಉಷ್ಣತೆಯಲ್ಲೇ ವ್ಯತ್ಯಾಸ. ಮಾರಸ್‌ನಲ್ಲಿ ಬೆಟ್ಟದೊಳಗಿಂದ ಬರುವ ಉಪ್ಪುನೀರಿನ ಒರತೆಯನ್ನು ಮೂರು ಸಾವಿರಕ್ಕೂ ಹೆಚ್ಚು ಪುಟ್ಟ ಮಡಿಗಳಿಗೆ ಹಾಯಿಸುತ್ತಾರೆ. ಬಿಸಿಲಿಗೆ ನೀರು ಆರಿ ಉಪ್ಪು ನಿಲ್ಲುತ್ತದೆ. ಮಡಿಗಳು ಊರಿನ ಕುಟುಂಬಗಳ ಸ್ವತ್ತು. 2019ರಿಂದ ಮಡಿಗಳ ನಡುವೆ ನಡೆಯಲು ಬಿಡುವುದಿಲ್ಲ, ಮೇಲಿನ ದಾರಿಯಿಂದಲೇ ನೋಡಬೇಕು. ಮಳೆಗಾಲದಲ್ಲಿ ಮಡಿಗಳು ಕೆಸರು ಬಣ್ಣಕ್ಕೆ ತಿರುಗಿರುತ್ತವೆ. ಆಗ ಹೋದರೆ ನಿರಾಸೆಯೇ.

ಮಾಚು ಪಿಚು

ಒಯಾಂಟಾಯ್‌ಟಾಂಬೊದಿಂದ ಮಾಚು ಪಿಚುವಿನ ಬುಡದ ಊರಾದ ಆಗ್ವಾಸ್ ಕಾಲಿಯೆಂಟೆಸ್‌ಗೆ ರೈಲಿನಲ್ಲಿ ಸುಮಾರು ಒಂದೂಮುಕ್ಕಾಲು ಗಂಟೆ. ಅಲ್ಲಿಗೆ ರಸ್ತೆಯಿಲ್ಲ. ರೈಲಿಗೆ ಸಣ್ಣ ಕೈಚೀಲ ಮಾತ್ರ ಒಯ್ಯಿರಿ, ದೊಡ್ಡ ಸಾಮಾನನ್ನು ಒಯಾಂಟಾಯ್‌ಟಾಂಬೊದ ಹೋಟೆಲಿನಲ್ಲೇ ಬಿಡಿ. ಮೊದಲು ಪ್ರವೇಶದ ಟಿಕೆಟ್, ಆಮೇಲೆ ರೈಲು, ಕೊನೆಗೆ ಹೋಟೆಲ್, ಇದೇ ಕ್ರಮದಲ್ಲಿ ಕಾಯ್ದಿರಿಸಿ. ರೈಲು ಕೊಂಡು ಕುಳಿತರೆ ಪ್ರವೇಶ ಸಿಗದೆ ಹೋಗಬಹುದು. ಜೂನ್‌ನಿಂದ ಆಗಸ್ಟ್ ನಡುವೆ ಹೋಗುವವರು ತಿಂಗಳುಗಳ ಮೊದಲೇ ಪೆರುವಿನ ಸಂಸ್ಕೃತಿ ಸಚಿವಾಲಯದ ಅಧಿಕೃತ ಜಾಲತಾಣದಲ್ಲಿ ಕೊಳ್ಳುವುದು ಒಳ್ಳೆಯದು.

ಟಿಕೆಟ್‌ನಲ್ಲಿ ಗಂಟೆಯೂ ಸುತ್ತಿನ ಸಂಖ್ಯೆಯೂ ನಿಗದಿಯಾಗಿರುತ್ತವೆ. ಒಂದನೇ ಸುತ್ತು ಮೇಲಿನ ಗದ್ದೆಗಳಿಂದ ನೋಟ ತೋರಿಸುತ್ತದೆ, ಊರೊಳಗೆ ಒಯ್ಯುವುದಿಲ್ಲ. ಮೂರನೆಯದು ಊರೊಳಗಿನ ಕೆಳಭಾಗ ತೋರಿಸುತ್ತದೆ, ಎಲ್ಲರೂ ಕಂಡಿರುವ ಆ ಚಿತ್ರದ ಜಾಗ ಅದರಲ್ಲಿ ಸಿಗುವುದಿಲ್ಲ. ಹುವಾಯ್ನಾ ಪಿಚು ಶಿಖರ ಹತ್ತುವವರು ಈ ಸುತ್ತಿನವರು. ಎರಡೂ ಬೇಕೆಂದರೆ ಎರಡನೇ ಸುತ್ತು. ಮೊದಲ ಸಲ ಹೋಗುವವರು ಬೇರೇನನ್ನೂ ಯೋಚಿಸದೆ ಇದನ್ನೇ ಹುಡುಕಲಿ, ಬೇಗ ತೀರಿಹೋಗುವುದೂ ಇದೇ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಟಿಕೆಟ್‌ನಲ್ಲಿದ್ದಂತೆಯೇ ಇರಬೇಕು, ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಹೊರಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ಶೌಚಾಲಯ ಇರುವುದು ಬಾಗಿಲ ಹೊರಗೆ. ಹೋಗುವಾಗಲೇ ಆ ಕೆಲಸ ಮುಗಿಸಿ.

ಆಗ್ವಾಸ್ ಕಾಲಿಯೆಂಟೆಸ್ 2,040 ಮೀಟರ್, ಮಾಚು ಪಿಚು 2,430. ಕುಸ್ಕೊಗಿಂತ ಎಷ್ಟೋ ತಗ್ಗು, ಉಸಿರಾಟ ಸಲೀಸು. ಮೇಲೆ ಹೋಗಲು ಬಸ್ಸಿಗೆ ಅರ್ಧ ಗಂಟೆ. ಬರುವಾಗ ಮೆಟ್ಟಿಲಿನಲ್ಲಿ ನಡೆದು ಬಂದರೆ ಬಸ್ಸಿನ ಸರದಿಯೂ ತಪ್ಪುತ್ತದೆ, ಕಾಡಿನ ದಾರಿಯೂ ಸಿಗುತ್ತದೆ. ಮುಂಜಾನೆ ಮಂಜು ಮುಸುಕುವುದು ಸಾಮಾನ್ಯ; ಮೊದಲ ಗಂಟೆಯ ಟಿಕೆಟ್‌ಗಿಂತ ಎಂಟು, ಒಂಬತ್ತರ ಟಿಕೆಟ್‌ನಲ್ಲಿ ಬೆಟ್ಟ ಕಾಣುವ ಸಾಧ್ಯತೆ ಹೆಚ್ಚು.

ಈಗ ಕುಸ್ಕೊ

ನಾಲ್ಕೈದು ದಿನ ಕಳೆದಿದೆ, ದೇಹ ಹೊಂದಿಕೊಂಡಿದೆ. ಮೊದಲ ಅರ್ಧ ದಿನ ಕೊರಿಕಾಂಚಾಗೆ ಕೊಡಿ. ಇಂಕಾಗಳ ಸೂರ್ಯದೇಗುಲದ ಮೇಲೆ ಸ್ಪೇನಿನವರು ಸಾಂಟೊ ಡೊಮಿಂಗೊ ಮಠ ಕಟ್ಟಿದರು. 1950ರ ಮೇ 21ರ ಭೂಕಂಪದಲ್ಲಿ ಮಠಕ್ಕೆ ಭಾರಿ ಹಾನಿಯಾಯಿತು, ಇಂಕಾ ಗೋಡೆಗಳು ನಿಂತವು. ಗೋಡೆಯ ಪಕ್ಕ ನಿಂತು ಮೇಲೆ ನೋಡಿದರೆ ಕಾರಣ ತಿಳಿಯುತ್ತದೆ: ಗೋಡೆ ಒಳಕ್ಕೆ ಸ್ವಲ್ಪ ವಾಲಿದೆ, ಬಾಗಿಲು, ಗೂಡುಗಳು ಬುಡದಲ್ಲಿ ಅಗಲ, ತಲೆಯಲ್ಲಿ ಕಿರಿದು, ಕಲ್ಲುಗಳ ನಡುವೆ ಗಾರೆಯಿಲ್ಲ. ಹಾತುನ್ ರುಮಿಯೊಕ್ ಬೀದಿಯಲ್ಲಿ ಹನ್ನೆರಡು ಮೂಲೆಯ ಕಲ್ಲಿದೆ. 2025ರ ಫೆಬ್ರುವರಿಯಲ್ಲಿ ಒಬ್ಬಾತ ಹೊಡೆದು ಅದರ ಚಕ್ಕೆ ಎಬ್ಬಿಸಿದ. ದಯವಿಟ್ಟು ಮುಟ್ಟಬೇಡಿ. ಕ್ಯಾಥೆಡ್ರಲ್‌ನಲ್ಲಿ ಮಾರ್ಕೊಸ್ ಸಪಾತಾ ಬರೆದ ಕೊನೆಯ ಭೋಜನದ ಚಿತ್ರ ಹುಡುಕಿ; ಯೇಸುವಿನ ಮುಂದಿನ ತಟ್ಟೆಯಲ್ಲಿರುವುದು ಆಂಡಿಸ್ ಬೆಟ್ಟಸಾಲಿನವರ ಹಬ್ಬದಡುಗೆಯ ಗಿನಿ ಹಂದಿ (ಹಂದಿಯಲ್ಲ, ಇಲಿಯ ಬಳಗದ ಪುಟ್ಟ ಪ್ರಾಣಿ).

ಮರುದಿನ ಊರ ಮೇಲಿನ ನಾಲ್ಕು ಅವಶೇಷಗಳು. ಪಿಸಾಕ್ ಕೊಲೆಕ್ತಿವೊ ಹತ್ತಿ, ಎಲ್ಲಕ್ಕಿಂತ ಮೇಲಿರುವ ತಾಂಬೊಮಚಾಯ್‌ನಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಇಳಿಯಿರಿ. ಕಲ್ಲಿನ ಕಾಲುವೆಗಳಲ್ಲಿ ನೀರು ಇಂದಿಗೂ ಹರಿಯುತ್ತದೆ. ರಸ್ತೆಯಾಚೆ ಪುಕಾ ಪುಕಾರಾ. ಅಲ್ಲಿಂದ ಕೆಂಕೊವರೆಗಿನ ನಡಿಗೆ ಉದ್ದ, ಬೇಸರವಾದರೆ ಮತ್ತೊಂದು ವ್ಯಾನಿಗೆ ಕೈ ಅಡ್ಡ ಹಿಡಿಯಿರಿ. ಕೊನೆಗೆ ಸಕ್ಸಾಯ್‌ವಾಮನ್: ಮೂರು ಸಾಲು ಅಂಕುಡೊಂಕು ಗೋಡೆ, ಅದರ ಅತಿ ದೊಡ್ಡ ಕಲ್ಲುಗಳು ನೂರು ಟನ್ನಿಗೂ ಹೆಚ್ಚು. ಸಾಗಿಸಬಹುದಾದ ಕಲ್ಲುಗಳನ್ನು ಸ್ಪೇನಿನವರು ಕ್ಯಾಥೆಡ್ರಲ್‌ಗೆ ಒಯ್ದರು, ಆಗದಿದ್ದವು ಉಳಿದವು. ಇಲ್ಲಿಗೆ ಒಂದೂವರೆ ಗಂಟೆ ಬೇಕು. ಅಲ್ಲಿಂದ ಮೆಟ್ಟಿಲಿಳಿದರೆ ಊರಿನ ಚೌಕ. ಒಟ್ಟು ಎಂಟು ಕಿಲೋಮೀಟರ್ ಹತ್ತಿರ. ನೆರಳು ಕಡಿಮೆ, ಈ ಎತ್ತರದ ಬಿಸಿಲು ಅರ್ಧ ಗಂಟೆಯಲ್ಲಿ ಚರ್ಮ ಸುಡುತ್ತದೆ. ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್, ಒಂದೂವರೆ ಲೀಟರ್ ನೀರು ಬೇಕೇಬೇಕು.

ಇನ್ನೊಂದು ದಿನ ಉಳಿದರೆ ದಕ್ಷಿಣ ಕಣಿವೆ: ತಿಪೋನ್‌ನ ನೀರಾವರಿ ಗದ್ದೆಗಳು, ಇಂಕಾಗಳಿಗೂ ಮೊದಲಿನ ವಾರಿ ಜನರ ಊರಾದ ಪಿಕಿಯಾಕ್ತಾ, ಆಂಡಾವೈಲಿಯಾಸ್‌ನ ಚಿತ್ರಮಯ ಇಗರ್ಜಿ. ಜನಜಂಗುಳಿ ಇರುವುದಿಲ್ಲ.

ಊಟ

ಸಸ್ಯಾಹಾರಿಗಳು ‘ಕಾರ್ನೆ ಬೇಡ’ ಎಂದರೆ ಸಾಲದು. ಬಹಳ ಕಡೆ ಅದು ದನದ ಮಾಂಸಕ್ಕೆ ಹೇಳುವ ಮಾತು, ಕೋಳಿ ಹಾಕಿ ತಂದುಕೊಡುತ್ತಾರೆ. ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ’ (ಮಾಂಸ, ಕೋಳಿ, ಮೀನು ಇಲ್ಲದೆ) ಎಂದು ಮೂರನ್ನೂ ಹೇಳಿ. ಕಿನೋವಾ ಸೂಪು ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿದ್ದಿರಬಹುದು, ಕೇಳಿಕೊಳ್ಳಿ. ದಪ್ಪ ಕಾಳಿನ ಬೇಯಿಸಿದ ಮೆಕ್ಕೆಜೋಳ ಮತ್ತು ಚೀಸ್ ಕಣಿವೆಯ ಎಲ್ಲ ಬೀದಿಯಲ್ಲೂ ಸಿಗುತ್ತದೆ, ರುಚಿಯೂ ಹೌದು. ಸಾನ್ ಪೆದ್ರೊ ಮಾರುಕಟ್ಟೆಯಲ್ಲಿ ಹಣ್ಣಿನ ರಸದ ಅಂಗಡಿಗಳ ಸಾಲೇ ಇದೆ. ಐಸ್, ನಲ್ಲಿ ನೀರು ಬೇಡವೆನ್ನಿ.

ಕೊನೆಯ ಏರು

ಬಣ್ಣದ ಪಟ್ಟೆಗಳ ವಿನಿಕುಂಕಾ ಬೆಟ್ಟ 5,000 ಮೀಟರಿಗೂ ಮೇಲಿದೆ. ಅಲ್ಲಿ ಉಸಿರಿಗೆ ಸಿಗುವುದು ಕಡಲತೀರದ ಅರ್ಧದಷ್ಟು ಆಮ್ಲಜನಕ. ಕುಸ್ಕೊದಲ್ಲಿ ಕನಿಷ್ಠ ಎರಡು ರಾತ್ರಿ ತಲೆನೋವಿಲ್ಲದೆ ಮಲಗಿದವರು ಮಾತ್ರ ಹೊರಡಿ. ವ್ಯಾನು ನಸುಕಿನ ಮೂರು, ನಾಲ್ಕಕ್ಕೆ ಹೊರಡುತ್ತದೆ, ಮೂರು ಗಂಟೆ ದಾರಿ, ಆಮೇಲೆ ಒಂದೂವರೆ, ಎರಡು ಗಂಟೆ ನಡಿಗೆ. ಕೊನೆಯ ಏರು ಕಡಿದು. ಕುದುರೆ ಸಿಗುತ್ತದೆ, ಆದರೆ ಕೊನೆಯ ಏರಿಗೆ ಅದು ಬರುವುದಿಲ್ಲ. ಮಳೆಗಾಲದಲ್ಲಿ ಹಿಮ ಬಿದ್ದು ಬಣ್ಣವೇ ಮುಚ್ಚಿಹೋಗಬಹುದು. ನಡೆಯಲು ಆಗದವರಿಗೆ ಪಾಲ್‌ಕೊಯೊ ವಾಸಿ: ಎತ್ತರ 4,900ರ ಆಸುಪಾಸು, ನಡಿಗೆ ಕಡಿಮೆ, ಜನವೂ ಕಡಿಮೆ. ಹುಮಾಂತಾಯ್ ಸರೋವರ 4,200 ಮೀಟರ್. ಬಣ್ಣದ ಬೆಟ್ಟ, ಸರೋವರ ಎರಡರಲ್ಲಿ ಒಂದು ಎಂದಾದರೆ ನಾವು ಹೇಳುವುದು ಸರೋವರವನ್ನೇ.

ಈ ಕೊನೆಯ ಏರಿನ ಮರುದಿನವೇ ಊರಿಗೆ ಮರಳುವ ಅಂತರರಾಷ್ಟ್ರೀಯ ವಿಮಾನ ಇಟ್ಟುಕೊಳ್ಳಬೇಡಿ. ಕುಸ್ಕೊ ವಿಮಾನಗಳು ಹವಾಮಾನದಿಂದ ತಡವಾಗುತ್ತವೆ, ಕೆಲವೊಮ್ಮೆ ರದ್ದಾಗುತ್ತವೆ. ಬೆಳಗಿನ ವಿಮಾನದಲ್ಲಿ ಲಿಮಾಗೆ ಬಂದು ಒಂದು ರಾತ್ರಿ ಅಲ್ಲೇ ಉಳಿಯಿರಿ. ಚೀಲ ಕಟ್ಟುವಾಗ ಉಳಿದ ಕೋಕಾ ಎಲೆ, ಕೋಕಾ ಟೀ ಪೊಟ್ಟಣ ಎಲ್ಲವನ್ನೂ ಹೋಟೆಲಿನಲ್ಲೇ ಬಿಡಿ. ಪೆರುವಿನ ಗಡಿ ದಾಟಿದರೆ ಭಾರತದಲ್ಲೂ ಅಮೆರಿಕದಲ್ಲೂ ಅದು ಮಾದಕವಸ್ತು ಕಾನೂನಿನ ಕೆಳಗೆ ಬರುತ್ತದೆ.