ಮಳೆಗಾಲದಲ್ಲಿ ನಾಯಿಯ ಮೂಗಿಗೆ ಕೆಲಸ

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿಯಿತೆಂದರೆ ನಾಯಿಯನ್ನು ಹೊರಗೆ ಅಡ್ಡಾಡಿಸುವುದು ಕಷ್ಟವಾಗುತ್ತದೆ. ನಾಲ್ಕು ದಿನ ಒಳಗೇ ಉಳಿದ ನಾಯಿ ಐದನೆಯ ದಿನ ಚಪ್ಪಲಿ ಹರಿದರೆ ಅದಕ್ಕೆ ಕಾರಣ ಹೆಚ್ಚಿನ ಸಲ ಬೇಸರವೇ. ಪಡಸಾಲೆಯಲ್ಲಿ ಚೆಂಡು ಎಸೆದು ಓಡಿಸುವುದನ್ನು ನಾನು ಒಪ್ಪುವುದಿಲ್ಲ. ನುಣುಪಾದ ಟೈಲ್ಸ್ ಮೇಲೆ ಜಾರಿದ ನಾಯಿ ಕೀಲು ನೋಯಿಸಿಕೊಳ್ಳುತ್ತದೆ, ಓಡಿದಷ್ಟೂ ಕೆರಳುತ್ತದೆ. ಕಾಲಿಗಿಂತ ಮೂಗಿಗೆ ಕೆಲಸ ಕೊಡುವುದು ಲೇಸು.

ಮೊದಲು ಹುಡುಕಾಟದ ಆಟವನ್ನು ಕಲಿಸಬೇಕು. ನಾಯಿಯ ಕಣ್ಣೆದುರಿಗೇ ತಿನಿಸಿನ ಚೂರೊಂದನ್ನು ನೆಲದ ಮೇಲಿಟ್ಟು ‘ಹುಡುಕು’ ಎನ್ನಿರಿ. ಐದಾರು ಸಲ ಹೀಗೆ ಮಾಡಿದ ಬಳಿಕ ಅದನ್ನು ಬೇರೆ ಕೋಣೆಯಲ್ಲಿ ನಿಲ್ಲಿಸಿ, ಚೂರುಗಳನ್ನು ಮಂಚದ ಕಾಲಿನ ಹಿಂದೆ, ಜಮಖಾನೆಯ ಅಂಚಿನಡಿ, ಮಡಿಚಿದ ಹಳೆಯ ಟವೆಲ್ಲಿನೊಳಗೆ ಅಡಗಿಸಿಡಿರಿ. ಅದು ತಡಕಾಡುವಾಗ ಬೆರಳು ತೋರಿಸಬೇಡಿರಿ: ಮನುಷ್ಯರ ಕೈಸನ್ನೆಯನ್ನು ಅರಿಯುವುದರಲ್ಲಿ ನಾಯಿಗಳು ಜಾಣವಾದ್ದರಿಂದ, ಒಮ್ಮೆ ತೋರಿಸಿದರೆ ಮುಂದೆ ಮೂಗನ್ನು ಬಿಟ್ಟು ನಿಮ್ಮ ಕೈಯನ್ನೇ ನೋಡುತ್ತ ನಿಲ್ಲುತ್ತವೆ. ಮುಧೋಳ ನಾಯಿ ಸಾಕಿದವರು ಇಲ್ಲಿ ತುಸು ತಾಳ್ಮೆ ವಹಿಸಬೇಕು. ಅದು ಕಣ್ಣಿನಿಂದ ಬೇಟೆಯಾಡುವ ತಳಿಯಾದ್ದರಿಂದ, ಕಾಣುವಂತೆ ಇಡುವ ಹಂತವನ್ನು ಇನ್ನೂ ಕೆಲವು ದಿನ ಮುಂದುವರಿಸುವುದು ಒಳ್ಳೆಯದು. ಬಟ್ಟೆ ನುಂಗುವ ಚಾಳಿಯುಳ್ಳ ನಾಯಿಗೆ ಟವೆಲ್ಲಿನ ಆಟ ಬೇಡ.

ಎರಡನೆಯದು ಜಾಗ ಹಿಡಿದು ಕೂಡುವುದು. ಮಡಚಿ ಅಟ್ಟದಲ್ಲಿಟ್ಟ ನವಲಗುಂದದ ಹಳೆಯ ಜಮಖಾನೆ ಇದ್ದರೆ ಅದೇ ಸಾಕು (ಹೊಸದನ್ನು ನಾಯಿಗೆ ಹಾಸಿದರೆ ಮನೆಯ ಹಿರಿಯರು ಸುಮ್ಮನಿರಲಾರರು). ನಾಯಿ ಅದರ ಮೇಲೆ ಒಂದು ಕಾಲು ಇಟ್ಟ ಕೂಡಲೇ, ಒಂದೆರಡು ಸೆಕೆಂಡುಗಳೊಳಗೆ, ‘ಶಾಭಾಸ್’ ಎಂದು ತಿನಿಸು ಕೊಡಬೇಕು; ತಡವಾದರೆ ಯಾವುದಕ್ಕೆ ಸಿಕ್ಕಿತೆಂಬುದು ಅದಕ್ಕೆ ತಿಳಿಯುವುದಿಲ್ಲ. ಆಮೇಲೆ ನಾಲ್ಕೂ ಕಾಲು ಇಟ್ಟರೆ, ಕೂತರೆ, ಹತ್ತು ಎಣಿಸುವವರೆಗೆ ಕೂತೇ ಇದ್ದರೆ, ಕೊನೆಗೆ ಬಾಗಿಲ ಗಂಟೆ ಬಾರಿಸಿದರೂ ಏಳದಿದ್ದರೆ ಮಾತ್ರ ತಿನಿಸು. ಅಪ್ಪ ‘ಕುಂದ್ರು’ ಎಂದು, ಮಗಳು ‘ಸಿಟ್’ ಎಂದು, ಅಜ್ಜಿ ‘ಇಲ್ಲೆ ಕೂಡಪಾ’ ಎಂದು ಹೇಳುವ ಮನೆಯಲ್ಲಿ ನಾಯಿ ಏನನ್ನೂ ಕಲಿಯದು. ಎಲ್ಲರೂ ಒಂದೇ ಮಾತನ್ನು ಆರಿಸಿಕೊಳ್ಳಿರಿ.

ಇಷ್ಟಕ್ಕೆಲ್ಲ ಬೇಕಾಗುವ ತಿನಿಸನ್ನು ದಿನದ ಊಟದಿಂದಲೇ ತೆಗೆದಿಡಬೇಕು. ಬೇರೆಯಾಗಿ ಕೊಡುವುದು ದಿನದ ಒಟ್ಟು ಆಹಾರದ ಶೇ. 10ನ್ನು ಮೀರಬಾರದು. ಉಪ್ಪುಖಾರವಿಲ್ಲದ ಕಡಕ್ ರೊಟ್ಟಿಯ ಚೂರು, ಬೇಯಿಸಿದ ಕೋಳಿ, ಗಜ್ಜರಿ ಆಗುತ್ತವೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಪೇಡೆ ತೋರಿಸಿದರೆ ಏನು ಹೇಳಿದರೂ ಮಾಡೀತು, ಆದರೆ ಅಷ್ಟು ಸಕ್ಕರೆ ಅದಕ್ಕೆ ಸಲ್ಲದು.

ಒಂದು ಪಾಠ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು. ನಾಯಿ ಆಕಳಿಸಿದರೆ, ಮುಖ ತಿರುವಿದರೆ ಅದು ದಣಿದಿದೆ ಅಥವಾ ಪಾಠ ಕಠಿಣವಾಗಿದೆ. ಗೊತ್ತಿರುವ ಸುಲಭದ ಕೆಲಸವೊಂದನ್ನು ಮಾಡಿಸಿ, ತಿನಿಸು ಕೊಟ್ಟು ನಿಲ್ಲಿಸಿರಿ. ಬಳಿಕ ಅದು ಜಮಖಾನೆಯ ಮೇಲೆಯೇ ಮುದುಡಿ ಮಲಗಿದರೆ ಎಬ್ಬಿಸಬೇಡಿರಿ.