ಟ್ಯಾಪ್ ಮಾಡಿದರೆ ಕಲ್ಲು ಬದಲಾಗಬೇಕು: ಯೂನಿಟಿಯಲ್ಲಿ ನನ್ನ ಅನುಭವ

ಪುಣೆಯ ಬಾಣೇರ್ ಕಡೆಯ ಒಬ್ಬ ಬಿಲ್ಡರ್‌ಗೆ ಫ್ಲ್ಯಾಟ್ ತೋರಿಸುವ ಆ್ಯಪ್ ಮಾಡಿಕೊಟ್ಟೆವು. ಗಿರಾಕಿ ಟ್ಯಾಬ್ ಹಿಡಿದು, ಇನ್ನೂ ಕಟ್ಟದ ಮನೆಯೊಳಗೆ ಓಡಾಡುತ್ತಾನೆ. ಅಡುಗೆ ಕಟ್ಟೆ ಮುಟ್ಟಿದರೆ ಕಪ್ಪು ಗ್ರಾನೈಟ್ ಹೋಗಿ ಬಿಳಿ ಕಲ್ಲು ಬರಬೇಕು. ಎಂಜಿನ್ ಯೂನಿಟಿ (3ಡಿ ಆಟ, ಆ್ಯಪ್ ಮಾಡುವ ಸಾಧನ). ದೃಶ್ಯವನ್ನು ಪರದೆಗೆ ತರುವ ಪೈಪ್‌ಲೈನ್ ಅದರದೇ ಯುಆರ್‌ಪಿ, ಅಂದರೆ ಯೂನಿವರ್ಸಲ್ ರೆಂಡರ್ ಪೈಪ್‌ಲೈನ್.

ವಸ್ತುವಿನ ಮೇಲ್ಮೈಯ ಬಣ್ಣ, ಹೊಳಪು ಹೇಳುವುದು ಮೆಟೀರಿಯಲ್; ಆ ವಸ್ತುವನ್ನು ಪರದೆಗೆ ತರುವ ಭಾಗ ರೆಂಡರರ್. ಟ್ಯುಟೋರಿಯಲ್‌ಗಳಲ್ಲಿ ಜಾಸ್ತಿ ಕಾಣುವುದು ರೆಂಡರರ್‌ನ ‘ಮೆಟೀರಿಯಲ್’ ಅನ್ನೋ ಪ್ರಾಪರ್ಟಿ. ಅದರ ಬಣ್ಣ ಬದಲಿಸಿದರೆ ಆ ಒಂದು ವಸ್ತು ಮಾತ್ರ ಬದಲಾಗುತ್ತದೆ. ಯಾಕೆಂದರೆ ಕೋಡಿನಲ್ಲಿ ಅದನ್ನು ಓದಿದ ಕೂಡಲೇ ಯೂನಿಟಿ ಸದ್ದಿಲ್ಲದೆ ಒಂದು ನಕಲು ಮಾಡಿ ಆ ರೆಂಡರರ್‌ಗೆ ಕೊಟ್ಟುಬಿಡುತ್ತದೆ. ಯೂನಿಟಿ ಎಡಿಟರ್‌ನ ವಿವರ ತೋರಿಸುವ ಇನ್‌ಸ್ಪೆಕ್ಟರ್‌ನಲ್ಲಿ ಹೆಸರಿನ ಪಕ್ಕ ‘ಇನ್‌ಸ್ಟೆನ್ಸ್’ ಅಂತ ಬಂದಿದ್ದರೆ ನಕಲು ಹುಟ್ಟಿದೆ ಅಂತಲೇ ತಿಳಿಯಿರಿ. ಅದನ್ನು ಅಳಿಸುವ ಕೆಲಸ ನಮ್ಮದು. ವಸ್ತುವನ್ನು ಡಿಸ್ಟ್ರಾಯ್ ಮಾಡಿದರೂ ನಕಲು ಮೆಮೊರಿಯಲ್ಲೇ ಕೂತಿರುತ್ತದೆ. ಸೀನ್ ಬದಲಾಗುತ್ತಿದ್ದರೆ ಆಗ ಸ್ವಚ್ಛವಾಗುತ್ತದೆ. ನಮ್ಮದು ಒಂದೇ ಸೀನ್, ಸೇಲ್ಸ್ ಆಫೀಸಿನಲ್ಲಿ ಬೆಳಗಿಂದ ಸಂಜೆವರೆಗೆ ಓಡುವಂಥದ್ದು.

ಇನ್ನೊಂದು ‘ಶೇರ್ಡ್‌ಮೆಟೀರಿಯಲ್’. ಇದರೊಳಗಿನ ಬಣ್ಣ ಬದಲಿಸಿದರೆ ಆ ಮೆಟೀರಿಯಲ್ ಬಳಸುವ ಎಲ್ಲ ವಸ್ತುಗಳೂ ಬದಲಾಗುತ್ತವೆ. ಎಡಿಟರ್‌ನಲ್ಲಿ ಪ್ಲೇ ನಿಲ್ಲಿಸಿದ ಮೇಲೂ ಹಾಗೇ ಉಳಿಯುತ್ತದೆ, ಬದಲಾಗಿರುವುದು ಅಸೆಟ್ಟೇ (ಪ್ರಾಜೆಕ್ಟಿನಲ್ಲಿರುವ ಮೂಲ ಫೈಲೇ) ಅಲ್ವಾ. ಅದಕ್ಕೇ ಕೆಲವರು ಇದನ್ನು ಮುಟ್ಟಲೇಬೇಡಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಡಬ್ಬದೊಳಗಿನ ಪೇಂಟ್ ಬದಲಿಸುವುದು ಬೇರೆ, ಬೇರೆ ಡಬ್ಬ ಎತ್ತಿಕೊಳ್ಳುವುದು ಬೇರೆ. ನಾನು ಮಾಡಿದ್ದು ಎರಡನೆಯದು. ಪ್ರತಿ ಕಲ್ಲಿಗೂ ಒಂದು ಮೆಟೀರಿಯಲ್ ಮೊದಲೇ ಮಾಡಿ ಪಟ್ಟಿಯಲ್ಲಿಟ್ಟೆ. ಟ್ಯಾಪ್ ಆದಾಗ ಅದರಲ್ಲೊಂದನ್ನು ಶೇರ್ಡ್‌ಮೆಟೀರಿಯಲ್‌ಗೆ ಕೊಟ್ಟರೆ ಮುಗಿಯಿತು. ನಕಲೂ ಇಲ್ಲ, ಅಸೆಟ್ಟೂ ಕೆಡಲ್ಲ.

ಆದರೆ ಶೇರ್ಡ್‌ಮೆಟೀರಿಯಲ್ ಮುಟ್ಟುವುದು ಮೊದಲ ಸ್ಲಾಟನ್ನು ಮಾತ್ರ. ಕಟ್ಟೆಯ ಮೆಶ್‌ಗೆ (3ಡಿ ಆಕಾರಕ್ಕೆ) ಮೆಟೀರಿಯಲ್ ಹಾಕುವ ಮೂರು ಸ್ಲಾಟ್: ಕಲ್ಲು, ಕಪಾಟಿನ ಬಾಗಿಲು, ಹಿಡಿಕೆ. ಮಾಡೆಲ್ ಮಾಡಿದ ಮರಾಠಿ ಹುಡುಗ ಅದಕ್ಕೆ ‘ಓಟಾ’ (ಮರಾಠಿಯಲ್ಲಿ ಅಡುಗೆ ಕಟ್ಟೆ) ಅಂತ ಹೆಸರಿಟ್ಟಿದ್ದ, ಕಲ್ಲನ್ನು ನಡುವಿನ ಸ್ಲಾಟಿನಲ್ಲಿಟ್ಟಿದ್ದ. ಹೀಗಿದ್ದಾಗ ‘ಶೇರ್ಡ್‌ಮೆಟೀರಿಯಲ್ಸ್’ ಅರೇಯಲ್ಲಿ (ಪಟ್ಟಿಯಲ್ಲಿ) ಒಂದನೇ ಇಂಡೆಕ್ಸ್‌ಗೆ (ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಅದೇ ನಡುವಿನದು) ಹೊಸದನ್ನು ನೇರವಾಗಿ ಬರೆದರೆ ಏನೂ ಆಗುವುದಿಲ್ಲ. ಎರರ್ ಕೂಡ ಬರುವುದಿಲ್ಲ. ನಮ್ಮ ಕೈಗೆ ಸಿಗುವುದು ಅರೇಯ ಪ್ರತಿ. ಅದನ್ನು ವೇರಿಯಬಲ್‌ಗೆ ತೆಗೆದುಕೊಂಡು, ಒಂದನೇ ಜಾಗ ಬದಲಿಸಿ, ಇಡೀ ಅರೇಯನ್ನು ರೆಂಡರರ್‌ಗೆ ವಾಪಸ್ ಕೊಡಬೇಕು.

ಕಪಾಟಿನ ಕೆಳಗೆ ಎಲ್‌ಇಡಿ ಪಟ್ಟಿಯೂ ಇತ್ತು. ಅದನ್ನು ನಮ್ಮ ಬೆಳಗಾವಿ ಹುಡುಗ ಕೋಡ್‌ನಿಂದ ಎಮಿಶನ್ ಕೀವರ್ಡ್ (ಮೆಟೀರಿಯಲ್ ತಾನೇ ಬೆಳಗುವಂತೆ ಮಾಡುವ ಸ್ವಿಚ್) ಆನ್ ಮಾಡಿ ಬೆಳಗಿಸುತ್ತಿದ್ದ. ಬಿಲ್ಡ್ ಆದ ಮೇಲೆ ಬಂದು, “ಅಣ್ಣಾ, ಎಡಿಟರ್‌ನ್ಯಾಗ ಹತ್ತತೈತಿ, ಟ್ಯಾಬ್‌ನ್ಯಾಗ ಯಾಕ ಹತ್ತವಲ್ದು?” ಅಂದ. ಬಿಲ್ಡ್‌ಗೆ ಸೇರಿದ ಯಾವ ಮೆಟೀರಿಯಲ್ಲಿನಲ್ಲೂ ಎಮಿಶನ್ ಆನ್ ಇಲ್ಲದಿದ್ದರೆ, ಆ ಶೇಡರ್ ವೇರಿಯಂಟ್ (ಮೇಲ್ಮೈ ಹೇಗೆ ಕಾಣಬೇಕೆಂದು ಲೆಕ್ಕ ಹಾಕುವ ಪ್ರೋಗ್ರಾಮಿನ ಒಂದು ರೂಪ) ಬೇಡ ಅಂತ ಯೂನಿಟಿ ಅದನ್ನು ಕಿತ್ತು ಹಾಕುತ್ತದೆ. ಆಮೇಲೆ ಕೋಡ್‌ನಿಂದ ಎಷ್ಟು ಕರೆದರೂ ಬರುವುದಿಲ್ಲ. ಇದಕ್ಕೂ ಕಲ್ಲಿನ ಉಪಾಯವೇ ಸಾಕಾಯಿತು: ಹತ್ತಿದ್ದು ಒಂದು, ಆರಿದ್ದು ಒಂದು, ಎರಡೂ ರೆಡಿ ಮೆಟೀರಿಯಲ್. ಬಾತ್‌ರೂಮಿನ ಗಾಜಿಗೂ ಅಷ್ಟೇ. ಪಾರದರ್ಶಕ ಮಾಡಲು ಬರೀ ಬಣ್ಣದ ಆಲ್ಫಾ (ಅಪಾರದರ್ಶಕತೆಯ ಅಳತೆ) ಇಳಿಸಿದರೆ ಸಾಲದು. ಬ್ಲೆಂಡ್ (ಹಿಂದಿನ ಬಣ್ಣದೊಂದಿಗೆ ಬೆರೆಯುವ ರೀತಿ), ಡೆಪ್ತ್ (ದೂರದ ಲೆಕ್ಕ) ಬರೆಯುವುದು, ರೆಂಡರ್ ಕ್ಯೂ (ಬಿಡಿಸುವ ಸರದಿ) ಎಲ್ಲವೂ ಒಟ್ಟಿಗೆ ಬದಲಾಗಬೇಕು. ಕೋಡ್‌ನಲ್ಲಿ ಸುಮ್ನೆ ಯಾಕೆ ಒದ್ದಾಡೋದು?

ಗೋಡೆಗೆ ಮಾತ್ರ ಈ ದಾರಿ ನಡೆಯಲಿಲ್ಲ. ಗಿರಾಕಿ ಕಲರ್ ಪಿಕರ್‌ನಲ್ಲಿ ಯಾವ ಬಣ್ಣ ಬೇಕಾದರೂ ಆರಿಸಬಹುದು. ಮೆಟೀರಿಯಲ್ ಪ್ರಾಪರ್ಟಿ ಬ್ಲಾಕ್ (ಮೆಟೀರಿಯಲ್ ನಕಲು ಮಾಡದೆ ಒಂದು ರೆಂಡರರ್‌ಗೆ ಮಾತ್ರ ಬೇರೆ ಬಣ್ಣ ಕೊಡುವ ದಾರಿ) ಹಾಕು ಅಂತ ಹಳಬರು ಹೇಳುತ್ತಾರೆ. ಹಳೆಯ ಬಿಲ್ಟ್-ಇನ್ ಪೈಪ್‌ಲೈನ್‌ನಲ್ಲಿ ಅದು ಒಳ್ಳೆಯ ಸಲಹೆಯೇ. ಯುಆರ್‌ಪಿಯಲ್ಲಿ ಬ್ಲಾಕ್ ಹಾಕಿದ ರೆಂಡರರ್ ಎಸ್‌ಆರ್‌ಪಿ ಬ್ಯಾಚರ್‌ನಿಂದ (ವಸ್ತುಗಳನ್ನು ಒಟ್ಟುಗೂಡಿಸಿ ಬಿಡಿಸುವ ಕೆಲಸ ಹಗುರ ಮಾಡುವ ವ್ಯವಸ್ಥೆಯಿಂದ) ಹೊರಬೀಳುತ್ತದೆ. ಶೇಡರ್ ವೇರಿಯಂಟ್ ಒಂದೇ ಆಗಿದ್ದರೆ ಮೆಟೀರಿಯಲ್ ಹತ್ತಾರಿದ್ದರೂ ಬ್ಯಾಚರ್‌ಗೆ ತೊಂದರೆಯಿಲ್ಲ. ಹಾಗಾಗಿ ಶುರುವಿನಲ್ಲೇ ಗೋಡೆಗೊಂದು ಹೊಸ ಮೆಟೀರಿಯಲ್ ನಾನೇ ಮಾಡಿ, ಅದನ್ನು ಹಿಡಿದಿಟ್ಟುಕೊಂಡು ಅದರ ಬಣ್ಣವನ್ನಷ್ಟೇ ಬದಲಿಸುತ್ತೇನೆ. ಪ್ರಾಪರ್ಟಿ ಹೆಸರು ಇಲ್ಲಿ ‘_ಬೇಸ್‌ಕಲರ್’. ಹಳೆಯ ಕೋಡ್‌ನ ‘_ಕಲರ್’ ಹಾಗೇ ಬಿಟ್ಟರೆ ಗೋಡೆ ಜಪ್ಪಯ್ಯ ಅಂದರೂ ಬಣ್ಣ ಬದಲಿಸಲ್ಲ. ವಸ್ತು ಅಳಿಯುವಾಗ ಯೂನಿಟಿ ಕರೆಯುವ ಆನ್‌ಡಿಸ್ಟ್ರಾಯ್‌ನಲ್ಲಿ ಆ ಮೆಟೀರಿಯಲ್ಲನ್ನು ನಾನೇ ಡಿಸ್ಟ್ರಾಯ್ ಮಾಡುತ್ತೇನೆ.