ಕೋಲಾರದ ಬೋರ್ ನೀರಿಗೆ ಹೊಂದೋ ಮೀನು ಆರಿಸಿದ್ದು ಹೇಗೆ – ನನ್ನ ಅನುಭವ

ನಮ್ಮ ಕಡೆ ನೀರು ಹೇಗಿದೆ ಅಂತ ಕೋಲಾರದೋರಿಗೆ ಬಿಡಿಸಿ ಹೇಳೋದೇ ಬೇಡ, ಬಕೆಟ್ ಸುತ್ತ ಬಿಳಿ ಪಟ್ಟಿ, ಗೀಸರ್ ಕಾಯಿಲ್ ಮೇಲೆ ಸುಣ್ಣ ಮೆತ್ತಿದ ಹಾಗೆ ಪದರ, ಬೇಳೆ ಬೇಯೋಕೆ ಒಂದು ವಿಷಲ್ ಜಾಸ್ತಿ. ಮನೇಲಿ ಮೀನಿನ ಟ್ಯಾಂಕ್ ಇಡ್ತೀನಿ ಅಂದಾಗ ಎಲ್ರೂ ಕೇಳಿದ್ದು ಯಾವ ಮೀನು ತರ್ತೀಯಾ ಅಂತ. ನಾನು ಮಾತ್ರ ಮೊದ್ಲು ಒಂದು ಟಿಡಿಎಸ್ (ನೀರಲ್ಲಿ ಕರಗಿರೋ ಉಪ್ಪು, ಖನಿಜ) ಅಳೆಯೋ ಮೀಟರ್ ತಗೊಂಡೆ, ಜೊತೆಗೆ ಪಿಹೆಚ್, ಅಂದ್ರೆ ನೀರು ಹುಳಿಯೋ ಕ್ಷಾರವೋ ಅಂತ ನೋಡೋ ಡ್ರಾಪ್ ಕಿಟ್ಟು. ನಮ್ಮ ಬೋರ್ ನೀರು ಟಿಡಿಎಸ್ 800ರ ಆಸುಪಾಸು, ಪಿಹೆಚ್ 8ಕ್ಕೆ ಸ್ವಲ್ಪ ಕಮ್ಮಿ. ಇದು ಗೊತ್ತಾದ್ಮೇಲೆ ಅರ್ಧ ಮೀನುಗಳು ತಾವಾಗೇ ಪಟ್ಟಿಯಿಂದ ಹೊರಗೆ ಹೋದ್ವು.

ನಿಯಾನ್ ಟೆಟ್ರಾ, ಡಿಸ್ಕಸ್, ರ‍್ಯಾಮ್ ಇವೆಲ್ಲ ದಕ್ಷಿಣ ಅಮೆರಿಕದ ಮೆತ್ತನೆ (ಖನಿಜ ಕಮ್ಮಿ ಇರೋ) ನೀರಿನ ಮೀನುಗಳು, ಇವನ್ನ ಇಡ್ಬೇಕು ಅಂದ್ರೆ ಶುದ್ಧ ನೀರಿನ ಘಟಕದ ಫಿಲ್ಟರ್ ನೀರು ಬೆರೆಸ್ತಾನೇ ಇರ್ಬೇಕು. ನನ್ನ ಟ್ಯಾಂಕ್ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, ಮರಳು ಕಲ್ಲು ಎಲ್ಲಾ ಕಳೆದು 160 ಲೀಟರ್ ನೀರು ಹಿಡಿಯುತ್ತೆ. ವಾರಾ ವಾರಾ ಕಾಯಿನ್ ಹಾಕಿ ಕ್ಯಾನ್ ತುಂಬಿಸ್ಕೊಂಡು ಬೈಕಲ್ಲಿ ಹೊತ್ಕೊಂಡು ಬಂದು ಮೀನಿಗೆ ಸುರಿಯೋದು ನನ್ನ ಕೈಲಿ ಆಗಲ್ಲ, ಮನೆಯವ್ರೂ ಸುಮ್ನೆ ಬಿಡಲ್ಲ. ಅದಕ್ಕೆ ನೀರನ್ನ ಬದಲಾಯ್ಸೋ ಗೋಜಿಗೇ ಹೋಗ್ಲಿಲ್ಲ, ಈ ನೀರಲ್ಲಿ ಆರಾಮಾಗಿ ಇರೋ ಮೀನು ಯಾವ್ದು ಅಂತ ಹುಡುಕ್ದೆ. ಪ್ಲಾಟಿ, ಮಾಲಿ, ಗಪ್ಪಿ, ಅಂದ್ರೆ ಮೊಟ್ಟೆ ಇಡ್ದೆ ನೇರ ಮರಿ ಹಾಕೋ ಜಾತಿಗಳು, ಇವಕ್ಕೆ ಗಡಸು ನೀರೇ ಇಷ್ಟ. ನಾವು ಶಾಪ ಹಾಕೋ ನೀರು ಅವಕ್ಕೆ ತವರು ಮನೆ.

ಇನ್ನು ಅಂಗಡಿ ವಿಷ್ಯ. ಏನೇ ಕೇಳಿ, "ಎಲ್ಲಾ ಒಟ್ಟಿಗೆ ಇರ್ತವೆ ಸಾರ್, ನೋಡಿ ಇಲ್ಲೇ ಇಲ್ವಾ" ಅಂತ ತಮ್ಮ ಟ್ಯಾಂಕ್ ತೋರಿಸ್ತಾರೆ. ಸುಳ್ಳೇನೂ ಅಲ್ಲ, ಅಲ್ಲಿ ಇರೋದು ನಿಜ, ಆದ್ರೆ ಅಲ್ಲಿರೋದೆಲ್ಲ ಮರಿಗಳು, ಒಂದೆರಡು ವಾರ ಇದ್ದು ಮಾರಾಟ ಆಗಿ ಹೋಗೋವು, ಇದು ನನ್ನ ಜಾಗ ಅಂತ ಹಿಡ್ಕೊಂಡು ಕೂರೋಷ್ಟು ಟೈಮೇ ಅವಕ್ಕೆ ಸಿಗಲ್ಲ. ಕಾಸಿನಗಲ ಇರೋ ಏಂಜಲ್ ಫಿಶ್ ಬೆಳೆದ್ರೆ ರೆಕ್ಕೆ ಸೇರಿ ಗೇಣುದ್ದ ಎತ್ತರ ಆಗುತ್ತೆ, ಆವಾಗ ಬಾಯಿಗೆ ಹಿಡಿಯೋ ಸಣ್ಣ ಮೀನೆಲ್ಲ ಅದಕ್ಕೆ ಊಟಾನೇ. ಗಾಜು ಕ್ಲೀನ್ ಮಾಡುತ್ತೆ ಅಂತ ಕೊಡೋ ಸಕರ್ ಫಿಶ್ಶು ಒಂದಡಿ ದಾಟಿ ಬೆಳೆಯುತ್ತೆ, ಅದು ಹಾಕೋ ಗಲೀಜು ಕ್ಲೀನ್ ಮಾಡೋಕೆ ನಾವು ಬೇಕು. (ದೊಡ್ಡದಾಯ್ತು ಅಂತ ಕೆರೆಗೆ ಬಿಡೋರಿದ್ದಾರೆ, ದಯವಿಟ್ಟು ಬಿಡ್ಬೇಡ್ರಪ್ಪ, ಅದು ನಮ್ಮ ದೇಶದ ಎಷ್ಟೋ ಕೆರೆ ನದಿಗಳಲ್ಲಿ ಆಗ್ಲೇ ಬೇರೂರಿಬಿಟ್ಟಿದೆ.) ಹಾಗಾಗಿ ನಾನು ಅಂಗಡೀಲಿ ಕೇಳ್ತಿದ್ದಿದ್ದು ಎರಡೇ, ಇದು ಪೂರ್ತಿ ಬೆಳೆದ್ರೆ ಎಷ್ಟುದ್ದ ಆಗುತ್ತೆ, ನಿಮ್ಮ ಹತ್ರ ಬಂದು ಎಷ್ಟು ದಿನ ಆಯ್ತು. ಎರಡನೇದು ಯಾಕಂದ್ರೆ ಮೀನುಗಳು ಚೆನ್ನೈ ಕೊಳತ್ತೂರು ಕಡೆ ಸಾಕಣೆಯಿಂದ ಎಲ್ಲ ಬರ್ತವೆ, ಬಂದು ವಾರ ಹತ್ತು ದಿನ ನಮ್ಮೂರ ನೀರಲ್ಲಿ ತಡ್ಕೊಂಡಿದ್ರೆ ಅಂಥದ್ದನ್ನ ಧೈರ್ಯವಾಗಿ ತರಬಹುದು.

ಟೈಗರ್ ಬಾರ್ಬ್ ನೋಡೋಕೆ ಚೆಂದ, ಆದ್ರೆ ಉದ್ದ ಬಾಲ ಕಂಡ್ರೆ ಕಚ್ಚದೆ ಬಿಡಲ್ಲ, ಅದು ಬೇಡ. ಗೋಲ್ಡ್ ಫಿಶ್ ತಣ್ಣನೆ ನೀರಿಂದು, ಗಲೀಜೂ ಜಾಸ್ತಿ, ಅದೂ ಬೇಡ. ಮಗಳಿಗೆ ಫೈಟರ್ ಫಿಶ್ ಬೇಕೇ ಬೇಕಿತ್ತು, ಬಣ್ಣದ ಬಾಲದ ಗಂಡು ಗಪ್ಪಿ ಕಂಡ್ರೆ ಅದು ಇನ್ನೊಂದು ಫೈಟರ್ ಅಂದ್ಕೊಂಡು ಮೇಲೆ ಬೀಳುತ್ತೆ, ಹಾಗಾಗಿ ಅದಕ್ಕೊಂದು ಚಿಕ್ಕ ಟ್ಯಾಂಕ್ ಬೇರೆ ಕೊಡಿಸ್ದೆ, ಅವಳ ಟೇಬಲ್ ಮೇಲಿದೆ.

ಉಳಿದಿದ್ದು ಇವು. ಝೀಬ್ರಾ ಡ್ಯಾನಿಯೋ ಎಂಟು, ಇದು ಗಂಗೆ ಬ್ರಹ್ಮಪುತ್ರ ಕಡೆಯ ಹಳ್ಳ ಗದ್ದೆಗಳ ಮೀನು, ಎಂಥ ನೀರಾದ್ರೂ ಹೊಂದ್ಕೊಳುತ್ತೆ, ಎರಡು ಮೂರು ಇಟ್ರೆ ಬೇರೆ ಮೀನಿನ ಹಿಂದೆ ಬೀಳುತ್ತೆ, ಗುಂಪಲ್ಲಿದ್ರೆ ತಮ್ಮ ತಮ್ಮಲ್ಲೇ ಓಡಾಡ್ಕೊಂಡಿರ್ತವೆ. ಪ್ಲಾಟಿ ಎರಡು ಗಂಡು ಐದು ಹೆಣ್ಣು, ಹೆಣ್ಣು ಕಮ್ಮಿ ಇದ್ರೆ ಗಂಡುಗಳು ಅದರ ಪ್ರಾಣ ಹಿಂಡಿಬಿಡ್ತವೆ. ಸ್ವೋರ್ಡ್‌ಟೈಲ್ ಬೇಕೂಂತಲೇ ತರ್ಲಿಲ್ಲ, ಪ್ಲಾಟಿ ಜೊತೆ ಸೇರಿ ಮಿಕ್ಸ್ ಮರಿ ಆಗುತ್ತೆ. ಗಪ್ಪಿ ಬರೀ ಗಂಡು, ಅದ್ರಲ್ಲೂ ಚಿಕ್ಕ ಬಾಲದ್ದು ಆರಿಸ್ಕೊಂಡೆ. ತಳಕ್ಕೆ ಆಲ್ಬಿನೋ ಕೋರಿ ಆರು, ಅದೇ ಬೆಳ್ಳಗೆ ಕೆಂಪು ಕಣ್ಣಿನ ಮೀಸೆ ಮೀನು. ಕೋರಿ ಜಾತೀಲಿ ಗಡಸು ನೀರು ತಡ್ಕೊಳೋದು ಇದು ವಾಸಿ, ಆದ್ರೆ ಚೂಪು ಕಲ್ಲಿದ್ರೆ ಮೀಸೆ ಸವೆದು ಹೋಗುತ್ತೆ, ಅದಕ್ಕೇ ತಳಕ್ಕೆ ನಯ ಮರಳು ಹಾಕಿದ್ದು. ಹೀಟರ್ 25ಕ್ಕೆ ಇಟ್ಟಿದೀನಿ, ಇವೆಲ್ಲಕ್ಕೂ ಸರಿ ಹೋಗುತ್ತೆ, ಡಿಸೆಂಬರ್ ರಾತ್ರಿ ನಮ್ಮೂರ ಚಳಿಗೆ ಅದು ಬೇಕೇ ಬೇಕು.

ಎಲ್ಲಾನೂ ಒಟ್ಟಿಗೆ ತರ್ಲಿಲ್ಲ. ಗೆಳೆಯನ ಟ್ಯಾಂಕಿನ ಹಳೇ ಸ್ಪಂಜ್ (ಮೀನಿನ ಗಲೀಜಿಂದ ಬರೋ ಅಮೋನಿಯಾ ಕರಗಿಸೋ ಬ್ಯಾಕ್ಟೀರಿಯಾ ಅದರಲ್ಲಿರ್ತವೆ) ತಂದು ನನ್ನ ಫಿಲ್ಟರ್‌ಗೆ ಹಾಕಿ, ಅಮೋನಿಯಾ ಸೊನ್ನೆ ಬಂದ್ಮೇಲೆ ಮೊದ್ಲು ಡ್ಯಾನಿಯೋ, ಆಮೇಲೆ ಪ್ಲಾಟಿ ಗಪ್ಪಿ, ಕೊನೇಗೆ ಕೋರಿ. ನಮ್ಮಂಥ ಪಿಹೆಚ್ ಜಾಸ್ತಿ ಇರೋ ನೀರಲ್ಲಿ ಅಮೋನಿಯಾ ವಿಷ ಜೋರು, 7ರಲ್ಲಿ ಇರೋದಕ್ಕಿಂತ 8ರಲ್ಲಿ ಸುಮಾರು ಹತ್ತು ಪಟ್ಟು, ಹಾಗಾಗಿ ಇಲ್ಲಿ ಅವಸರ ನಡೆಯಲ್ಲ.

ಮೀನು ಬಿಡೋ ರೀತಿ ಹೇಳ್ಬೇಕು. ಮೆಡಿಕಲ್ ಶಾಪಲ್ಲಿ ಗ್ಲೂಕೋಸ್ ಹಾಕೋ ಡ್ರಿಪ್ ಸೆಟ್ ಸಿಗುತ್ತಲ್ಲ, ಅದರ ಸೂಜಿ ತೆಗೆದು, ಒಂದು ತುದಿ ಟ್ಯಾಂಕಲ್ಲಿ ಮುಳುಗಿಸಿ ಇನ್ನೊಂದು ತುದೀನ ಕೆಳಗಿಟ್ಟ ಬಕೆಟ್‌ಗೆ ಬಿಟ್ಟೆ, ಕವರಲ್ಲಿದ್ದ ಮೀನು ನೀರು ಸಮೇತ ಆ ಬಕೆಟ್ಟಲ್ಲಿ. ಚಕ್ರ ತಿರುಗಿಸಿ ಸೆಕೆಂಡಿಗೆ ಎರಡು ಮೂರು ಹನಿ ಬೀಳೋ ಹಾಗೆ ಇಟ್ರೆ ಗಂಟೆ ಕಳೆಯೋದ್ರೊಳಗೆ ಮೀನು ನಿಧಾನಕ್ಕೆ ನಮ್ಮ ನೀರಿಗೆ ಒಗ್ಗುತ್ತೆ. ಕೋರಿಗಳು ಶುರುವಲ್ಲಿ ಬಕೆಟ್ ಮೂಲೇಲಿ ಒಂದರ ಮೇಲೊಂದು ಬಿದ್ಕೊಂಡಿದ್ವು, ಬರ್ತಾ ಬರ್ತಾ ಮೀಸೆ ಆಡಿಸ್ಕೊಂಡು ತಳ ಕೆದಕೋಕೆ ಶುರು ಮಾಡಿದ್ವು, ಆವಾಗ ಬಲೇಲಿ ಎತ್ತಿ ಟ್ಯಾಂಕಿಗೆ ಬಿಟ್ಟೆ, ಬಕೆಟ್ ನೀರು ಗಿಡಕ್ಕೆ.

ಒಂದೇ ಒಂದು ಕಡೆ ಮಾತ್ರ ಫಿಲ್ಟರ್ ನೀರು ಬಳಸ್ತೀನಿ, ಬೇಸಿಗೇಲಿ ಆವಿಯಾಗಿ ಇಳಿದಿದ್ದನ್ನ ತುಂಬಿಸೋಕೆ. ನೀರು ಹೋಗುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ, ಅದಕ್ಕೆ ಮತ್ತೆ ಬೋರ್ ನೀರೇ ಸುರೀತಾ ಹೋದ್ರೆ ಟಿಡಿಎಸ್ ಏರ್ತಾನೇ ಇರುತ್ತೆ. ವಾರದ ನೀರು ಬದಲಾವಣೆಗೆ ಮಾಮೂಲಿ ಬೋರ್ ನೀರೇ.

ಪ್ಲಾಟಿ ಹೆಣ್ಣುಗಳು ಅಂಗಡಿಯಿಂದ ಬರುವಾಗ್ಲೇ ಬಸುರಿ ಇರ್ತವೆ, ಒಂದು ಸಲ ಗಂಡು ಸೇರಿದ್ರೆ ತಿಂಗಳುಗಟ್ಲೆ ಮರಿ ಹಾಕ್ತಾನೇ ಇರ್ತವೆ. ಡ್ಯಾನಿಯೋಗಳು ಒಂದಷ್ಟು ತಿಂದ್ಹಾಕ್ತವೆ, ಗಿಡದ ಸಂದೀಲಿ ಉಳಿದವನ್ನ ಸ್ವಲ್ಪ ಬೆಳೆದ್ಮೇಲೆ ಅಂಗಡಿ ಅಣ್ಣಂಗೇ ಕೊಡ್ತೀನಿ, ಅವ್ನು ದುಡ್ಡು ಕೊಡಲ್ಲ, ಬದಲಿಗೆ ಫುಡ್ ಡಬ್ಬಿ ಕೊಡ್ತಾನೆ.